ದ್ವೀಪದಲ್ಲೂ ಮಳೆ

ನಮ್ಮ ಊರಿನಲ್ಲಿ ದನಿ ಹನ್ನೆರಡು ಹೆಜ್ಜೆ ನಡೆದು ನಿಂತುಬಿಡುತ್ತದೆ. ಹದಿಮೂರನೆಯ ಹೆಜ್ಜೆಯಲ್ಲಿ ನಿಂತವನಿಗೆ ಎದುರಿನವನ ತುಟಿಯ ಅಲುಗಾಟವಷ್ಟೇ ಕಾಣುತ್ತದೆ, ಕೇಳುವುದೇನೂ ಇಲ್ಲ. ಡೋಲಿಗೂ ಅದೇ ಅಳತೆ, ಶಾಲೆಯ ಗಂಟೆಗೂ ಅದೇ ಅಳತೆ, ಹಸಿದ ಕೂಸಿನ ಅಳುವಿಗೂ ಅದೇ. ಪರವೂರಿನಿಂದ ಬಂದವರು ಮೊದಲ ದಿನ ಕಿವಿ ತಿಕ್ಕಿಕೊಳ್ಳುತ್ತಾರೆ, ಮೂರನೆಯ ದಿನದಿಂದ ನಡೆಯಲು ಕಲಿಯುತ್ತಾರೆ. ಇಲ್ಲಿ ಮಾತಾಡಬೇಕೆಂದರೆ ನಡೆಯಬೇಕು. ಬೈಯಬೇಕೆಂದರೂ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋಗಬೇಕು. ಚಪ್ಪಲಿ ಹುಡುಕುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಮದುವೆಯಲ್ಲಿ ವಾಲಗ ಕೇಳಲು ಜನ ಸರದಿಯ ಪ್ರಕಾರ ಮುಂದೆ ಬಂದು, ತಮ್ಮ ಪಾಲಿನ ಒಂದು ರಾಗ ಕೇಳಿ, ಹಿಂದಿನವರಿಗೆ ಜಾಗ ಬಿಟ್ಟುಕೊಡುತ್ತಾರೆ. ನಾನು ಹುಟ್ಟಿದ್ದು ಇಲ್ಲಿಯೇ. ಬೇರೆ ಊರುಗಳಲ್ಲಿ ಮಾಳಿಗೆಯಿಂದ ಮಾಳಿಗೆಗೆ ಕೂಗಿ ಕರೆಯುತ್ತಾರೆಂದು ಪುಸ್ತಕಗಳಲ್ಲಿ ಓದಿದ್ದೇನೆ. ಅಂಥ ಊರಿನಲ್ಲಿ ಕೂತು ಪದ್ಯ ಓದುವವರ ಗತಿ ಏನೋ ಎಂದು ಮರುಗಿದ್ದೂ ಉಂಟು.

ನಡಿಗೆಗೆ ನಮ್ಮಲ್ಲಿ ಒಂದು ಮರ್ಯಾದೆಯಿದೆ. ಒಬ್ಬರು ನಿಮ್ಮ ಮನೆಗೆ ನಡೆದು ಬಂದು ಮಾತಾಡಿದರೆ ನೀವೂ ಅವರ ಮನೆಗೆ ನಡೆದು ಹೋಗಿ ಮಾತಾಡಬೇಕು. ಬಂದ ಹೆಜ್ಜೆಗೆ ಹೋದ ಹೆಜ್ಜೆ. ಹಾಲು ಹಾಕುವವರು, ಔಷಧ ಕೊಡುವವರು, ಕೆಲಸದ ಮೇಲೆ ಬಂದ ಯಾರೇ ಆಗಲಿ, ಈ ಮರ್ಯಾದೆಗೆ ಸೇರುವುದಿಲ್ಲ. ಕೆಲಸದ ಹೆಜ್ಜೆ ಭೇಟಿಯಲ್ಲ. ಕಾಲು ಸೋತು ಮನೆ ಹಿಡಿದವರನ್ನು ನೋಡಲು ಯಾರೂ ಹೋಗುವುದಿಲ್ಲ. ಇದು ಕಾಠಿನ್ಯದಿಂದ ಬಂದ ರೂಢಿಯಲ್ಲ. ತಿರುಗಿ ಬರಲಾರದವರ ಬಾಗಿಲಲ್ಲಿ ಹೋಗಿ ನಿಲ್ಲುವುದು ಅವರನ್ನು ಹಂಗಿಸಿದಂತೆ ಎಂದು ನಮ್ಮ ಹಿರಿಯರು ತಿಳಿದಿದ್ದರು. ನಾವೂ ಹಾಗೆಯೇ ತಿಳಿದಿದ್ದೆವು. ಟೆಲಿಫೋನನ್ನು ಊರು ಎಂದೂ ಒಳಗೆ ಬಿಟ್ಟುಕೊಳ್ಳಲಿಲ್ಲ. ನಡೆಯಲು ಪುರುಸೊತ್ತಿಲ್ಲದವರಿಗೆ ಮಾತಿನಾಳುಗಳಿದ್ದರು. ಒಂದು ಮನೆಯ ಮಾತನ್ನು ಕಿವಿಯಲ್ಲಿ ತುಂಬಿಕೊಂಡು, ಒಂದಕ್ಷರ ಚೆಲ್ಲದೆ ಇನ್ನೊಂದು ಮನೆಗೆ ಮುಟ್ಟಿಸುವುದು ಅವರ ಕಸುಬು.

ನನ್ನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಅನ್ನ ಅದರಿಂದ ಬಂತು, ಉಳಿದದ್ದೆಲ್ಲ ರೇಡಿಯೋದಿಂದ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಹವ್ಯಾಸಿ ರೇಡಿಯೋದ ಹುಚ್ಚು ಹತ್ತಿ, ಮಾಳಿಗೆಯ ಮೇಲೆ ತಂತಿ ಎಳೆಯಲು ಊರಿನ ಹಿರಿಯರ ಅಪ್ಪಣೆ ಕೇಳಿದೆ. ಅವರು ಮೂರು ದಿನ ಚರ್ಚಿಸಿ ಮೂರು ಸಾಲಿನ ಕಾಗದ ಕೊಟ್ಟರು: ಹೊರಗಿನವರೊಡನೆ ಎಷ್ಟು ಬೇಕಾದರೂ ಮಾತಾಡಬಹುದು; ಊರಿನವರೊಡನೆ ಒಂದಕ್ಷರವೂ ಕೂಡದು; ತಪ್ಪಿದರೆ ತಂತಿ ಕೆಳಗಿಳಿಯತಕ್ಕದ್ದು. ನಾನು ಸಂತೋಷದಿಂದ ರುಜು ಹಾಕಿದೆ. ಎದುರು ಮನೆಗೆ ಮುಟ್ಟದ ದನಿಯುಳ್ಳವನಿಗೆ ಸಮುದ್ರ ದಾಟುವ ಬೆರಳು ಸಿಕ್ಕಿತ್ತು, ಇನ್ನೇನು ಬೇಕು?

ಅಂದಿನಿಂದ ಐವತ್ತೊಂದು ವರ್ಷ, ಬೆಳಗಿನ ಏಳರಿಂದ ಎಂಟರವರೆಗಿನ ಒಂದು ತಾಸು ರೇಡಿಯೋದ್ದು. ನಾನು ಬಾಯಿಮಾತಿನವನಲ್ಲ, ಮೋರ್ಸ್‌ನವನು. ಚುಕ್ಕೆ ಮತ್ತು ಗೆರೆ, ಅವುಗಳ ನಡುವೆ ಮೌನ. ಹೊಸ ಕಾವ್ಯವನ್ನು ಓದಿ ಬೆಳೆದ ನನಗೆ ಈ ಭಾಷೆ ಮೊದಲ ದಿನವೇ ಪರಿಚಿತವೆನಿಸಿತು; ಅಲ್ಲಿಯೂ ಸಾಲಿಗಿಂತ ಸಾಲು ಮುರಿದ ಜಾಗ ಹೆಚ್ಚು ಹೇಳುತ್ತದೆ. ಒಬ್ಬ ಟ್ರಾಮು ಓಡಿಸುವವನು, ಜೇನು ಸಾಕುವ ಒಬ್ಬ ಸನ್ಯಾಸಿನಿ, ಹಿಮ ಸುರಿಯುವ ಬಂದರಿನ ಗುಮಾಸ್ತ, ಇವರೆಲ್ಲ ನನ್ನ ಬೆಳಗಿನೊಳಗೆ ಬಂದು ಹೋದರು. ಮುಖ ಕಂಡಿಲ್ಲ, ದನಿ ಕೇಳಿಲ್ಲ. ಆದರೆ ಕೀ ಒತ್ತುವ ಕೈಗೆ ಒಂದು ಬರಹವಿರುತ್ತದೆ. ಟ್ರಾಮಿನವನದು ಎಡವಿ ಓಡುವ ಕೈ, ಸನ್ಯಾಸಿನಿಯದು ಪ್ರತಿ ಗೆರೆಯ ಕೊನೆಗೆ ಉಸಿರು ಬಿಡುವ ಕೈ. ಹತ್ತು ಜನರ ನಡುವೆಯೂ ಅವರನ್ನು ಗುರುತಿಸಬಲ್ಲೆ. ನನ್ನದು ಗೆರೆಯನ್ನು ತುಸು ಹೆಚ್ಚು ಎಳೆದು, ಮುಂದಿನ ಚುಕ್ಕೆಗೆ ಹಿಂಜರಿಯುವ ಕೈ ಎಂದು ಅವರು ಹೇಳುತ್ತಿದ್ದರು.

ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಮುಂಜಾನೆ, ಬಹಳ ಕ್ಷೀಣವಾದ ಒಂದು ಸಂಜ್ಞೆ ನನ್ನ ಹೆಸರು ಹಿಡಿದು ಕರೆಯಿತು. ಕರೆದ ನಿಲ್ದಾಣದ ಹೆಸರು ನನ್ನ ಪಟ್ಟಿಯ ಯಾವ ದೇಶಕ್ಕೂ ಸೇರಿರಲಿಲ್ಲ. ಊರು ಯಾವುದೆಂದು ಕೇಳಿದೆ, ಉತ್ತರ ಬರಲಿಲ್ಲ. ಕ್ಷೇಮವೇ ಎಂದೆ; ಕ್ಷೇಮ ಎಂದಿತು. ಬರಬರುತ್ತ ದಿನವೂ ಬಂತು. ಹೆಚ್ಚು ಮಾತಿಲ್ಲ: ಇಲ್ಲಿ ಬಿಸಿಲು, ಇಲ್ಲಿ ಮೋಡ, ನಿಮ್ಮಲ್ಲಿ ಹೇಗೆ, ನಾಳೆ ಸಿಗೋಣ. ಆದರೆ ಆ ಕೈ! ಗೆರೆಯನ್ನು ತುಸು ಎಳೆದು, ಚುಕ್ಕೆಗೆ ಹಿಂಜರಿಯುತ್ತಿತ್ತು. ಜಗತ್ತಿನ ಯಾವುದೋ ಅಂಚಿನಲ್ಲಿ ನನ್ನದೇ ತಾಳದ ಒಂದು ಜೀವವಿದೆ ಎಂದುಕೊಂಡಾಗ ನನ್ನ ಕಣ್ಣು ಒದ್ದೆಯಾದದ್ದು ಸುಳ್ಳಲ್ಲ. ಅಷ್ಟು ಕ್ಷೀಣವಾಗಿರಬೇಕಾದರೆ ಎಷ್ಟು ದೂರವಿರಬೇಕು! ದಾಖಲೆ ಪುಸ್ತಕದ ಸ್ಥಳದ ಅಂಕಣದಲ್ಲಿ ‘ಒಂದು ದ್ವೀಪ, ಬಹುಶಃ’ ಎಂದು ಬರೆದೆ. ದೂರದ ಸಂಜ್ಞೆ ಅಲೆಯಂತೆ ಏರಿಳಿಯುತ್ತದೆ, ಇದು ಮಾತ್ರ ಗೆರೆ ಎಳೆದಂತೆ ಒಂದೇ ಸಮ ಬರುತ್ತದೆ ಎಂಬುದನ್ನು ಐವತ್ತು ವರ್ಷದ ಅನುಭವಿ ಗಮನಿಸಬೇಕಿತ್ತು. ಗಮನಿಸಿದೆ ಕೂಡ. ಗಮನಿಸಿ, ದ್ವೀಪದ ಹವೆ ಅಷ್ಟು ಪ್ರಶಾಂತ ಎಂದು ಅರ್ಥ ಮಾಡಿಕೊಂಡೆ.

“ಬ್ರಾಹ್ಮಿಲಾ, ಇವತ್ತು ಅಲ್ಲಿಯೂ ಮಳೆಯಂತೆ” ಎಂದು ಹೆಂಡತಿಗೆ ಹೇಳುತ್ತಿದ್ದೆ. “ನಮ್ಮಲ್ಲಿ ಮಳೆಯಾದ ದಿನವೇ ಅಲ್ಲಿಯೂ ಮಳೆ. ಎಂಥ ಯೋಗಾಯೋಗ ನೋಡು.”

“ಹೌದೇನ್ರೀ? ದ್ವೀಪದಾಗೂ ಮಳೀನಾ? ಹಂಗಾದ್ರ ಅವರೂ ಹಪ್ಪಳ ಒಳಗ ತಗೊಂಡಿರಬೇಕು ಬಿಡ್ರಿ” ಎಂದು ಆಕೆ ಜೋಳದ ಚೀಲ ಕಂಕುಳಿಗೇರಿಸಿಕೊಂಡು ಹೊರಡುತ್ತಿದ್ದಳು. ಓಣಿಯ ಕೊನೆಯ ತಂಗೆವ್ವನ ಮನೆಯಲ್ಲಿ ಜೋಳ ಹಸನು ಮಾಡಿಸಲು ಕೊಟ್ಟು ತರುವುದು ಅವಳ ವಾರದ ಕೆಲಸ.

ತಂಗೆವ್ವ ನಲವತ್ತು ವರ್ಷ ಈ ಊರಿನ ಮಾತಿನಾಳಾಗಿದ್ದವಳು. ಹೆರಿಗೆಯ ಸುದ್ದಿ, ಮದುವೆಯ ಒಪ್ಪಿಗೆ, ಅಣ್ಣತಮ್ಮಂದಿರ ಮುನಿಸು, ಎಲ್ಲವೂ ಅವಳ ಬಾಯಿಂದಲೇ ಮನೆ ಮನೆಗೆ ನಡೆದದ್ದು. ನನ್ನ ಗಿರಾಕಿಗಳಿಗೆ ಸೆಟ್ಟು ತಯಾರಾಯಿತೆಂದು ಹೇಳಿ ಬರಲು ಬೆಳಗ್ಗೆ ಬಂದು, ನಾನು ರೇಡಿಯೋ ಮುಗಿಸುವ ತನಕ ಪಡಸಾಲೆಯ ಕಂಬಕ್ಕೆ ಒರಗಿ ಕಾಯುತ್ತಿದ್ದಳು. ಮೂರು ವರ್ಷದ ಹಿಂದೆ ಮಂಡಿ ಎರಡೂ ಹೋದವು. ಆಮೇಲೆ ನಾನು ಅವಳನ್ನು ನೋಡಿರಲಿಲ್ಲ. ರೂಢಿಯಂತೆ, ಕೆಲಸವಿದ್ದವರನ್ನು ಬಿಟ್ಟು ಯಾರೂ ನೋಡಿರಲಿಲ್ಲ. ಕಳೆದ ಮಾಘದಲ್ಲಿ, ಅವಳ ಕೆಳಗಿನ ಸೆಟ್ಟು ಸೀಳಿಹೋಗಿದೆಯೆಂದು ಬ್ರಾಹ್ಮಿಲಾ ಬಂದು ಹೇಳಿದಳು. ಹೋಗುತ್ತೇನೆ ಎಂದೆ. ಸಂಜೆ ಅಂಗಡಿ, ಮಧ್ಯಾಹ್ನ ನಿದ್ದೆ, ಬೆಳಗ್ಗೆ ದ್ವೀಪ. ಹಾಗೆ ಮೂರು ವಾರ ಸಂದವು.

“ಮುದುಕಿ ಗಂಜಿ ಕುಡಕೊಂಡು ಕುಂತಾಳ. ಇವತ್ತ ಹೋಗ್ತೀರೋ ಇಲ್ಲೋ?”

“ಎಂಟು ಗಂಟೆಗೆ ಹೋಗುತ್ತೇನೆ. ಈಗ ದ್ವೀಪದ ಹೊತ್ತು.”

“ಈಗ ಹೋಗ್ರಿ. ದ್ವೀಪ ಎಲ್ಲೂ ಓಡಿ ಹೋಗೂದಿಲ್ಲ.”

ಹೆಡ್‌ಫೋನಿಗಾಗಿ ತಡಕಾಡಿದೆ. ಮೇಜಿನ ಮೇಲೆ ಇರಲಿಲ್ಲ. ಆಕೆ ಅದನ್ನು ಅಕ್ಕಿಯ ಡಬ್ಬಿಯಲ್ಲಿಟ್ಟು ಡಬ್ಬಿಯ ಮೇಲೆ ಕುಳಿತಿದ್ದಳು. ಎಪ್ಪತ್ತು ದಾಟಿದ ಹೆಂಗಸನ್ನು ಡಬ್ಬಿಯಿಂದ ಎಬ್ಬಿಸುವ ಬಗೆ ತಿಳಿಯದೆ ನಾನು ಹಲ್ಲಿನ ಪೆಟ್ಟಿಗೆ ಹಿಡಿದು ಹೊರಟೆ.

ತಂಗೆವ್ವನದು ಒಂಟಿ ಮನೆ, ಮುಂದೆ ಬಯಲು. ಬಯಲಿನಲ್ಲಿ ಬಟ್ಟೆ ಒಣಹಾಕುವ ತಂತಿ ಕಂಡಿತು. ಒಂದೇ ಒಂದು ಸೀರೆ ಇತ್ತು, ಅದೂ ತಂತಿಗೆ ತಾಗದಂತೆ ನೂಲಿನ ಹಗ್ಗದ ಮೇಲೆ. ತಂತಿಯ ಎರಡೂ ಕೊನೆಗೆ ಗಾಜಿನ ಸೀಸೆಯ ಕತ್ತುಗಳನ್ನು ಪೋಣಿಸಿ ಕಂಬಕ್ಕೆ ಕಟ್ಟಿದ್ದರು. ಬಟ್ಟೆಯ ತಂತಿಗೆ ಗಾಜು ಯಾಕೆ ಎಂದು ಯೋಚಿಸುತ್ತಲೇ ಹೆಜ್ಜೆ ಹಾಕುತ್ತಿದ್ದೆ. ಕಿಟಕಿಯಲ್ಲಿ ಅವಳ ಬೆನ್ನು ಕಾಣುತ್ತಿತ್ತು, ಬಲ ಮೊಣಕೈ ಮೆಲ್ಲಗೆ ಅಲುಗುತ್ತಿತ್ತು. ಸದ್ದಿಲ್ಲ. ಇನ್ನೊಂದು ಹೆಜ್ಜೆ; ಸದ್ದಿಲ್ಲ. ಮತ್ತೊಂದು ಹೆಜ್ಜೆ ಇಟ್ಟದ್ದೇ ತಡ, ಗಾಳಿಯಿಂದ ಕಡಿದು ಬಿದ್ದಂತೆ ಕಟಕಟ ಸದ್ದು ನನ್ನ ಮುಂದೆ ಬಿತ್ತು. ಗೆರೆಯನ್ನು ತುಸು ಎಳೆದು, ಚುಕ್ಕೆಗೆ ಹಿಂಜರಿಯುವ ಸದ್ದು. ಅದು ನನ್ನ ಹೆಸರನ್ನು ಕರೆಯುತ್ತಿತ್ತು. ಕರೆದು, ಕಾಯ್ದು, ಮತ್ತೆ ಕರೆಯುತ್ತಿತ್ತು.

ಬಾಗಿಲಲ್ಲಿ ನಿಂತೆ. ಅವಳು ತಿರುಗಿ ನೋಡಿದಳು. ಮುಂದಿನ ಹಲಗೆಯ ಮೇಲೆ ಇಂಗಿನ ಡಬ್ಬಿಯೊಂದಿತ್ತು. ಹದಿನೈದು ವರ್ಷದ ಹಿಂದೆ ನಾನೇ ಅದರೊಳಗೆ ಪುಟ್ಟ ಟ್ರಾನ್ಸ್‌ಮಿಟರ್ ಕಟ್ಟಿ, ಕೆಟ್ಟಿತೆಂದು ಗುಜರಿಗೆ ಕೊಟ್ಟು ಬಾ ಎಂದು ಅವಳ ಕೈಗೆ ಹಾಕಿದ್ದೆ.

“ಬರ್ರೀ ಹಲ್ಲಿನ ಸಾವ್ಕಾರ್ರ” ಎಂದಳು, ಬೊಚ್ಚು ಬಾಯಲ್ಲಿ. “ಇವತ್ತ ಯಾಕ ಸುಮ್ಮನಿದ್ದಾರು ಅಂತ ಕರೀಲಿಕ್ಕತ್ತಿದ್ದೆ. ನೀವ ಬಂದಬಿಟ್ರಿ.”

“ಇದು... ಇದು ಕೆಟ್ಟಿತ್ತಲ್ಲ?”

“ಒಂದು ತಂತಿ ಬಿಟ್ಟಿತ್ತು. ಸೂಜಿ ಕಾಸಿ ಮುಟ್ಟಿಸಿದೆ. ಇಷ್ಟಕ್ಕ ಗುಜರಿಗೆ ಹಾಕ್ತಾರೇನ್ರೀ?”

“ನನ್ನ ಉತ್ತರ ನಿನಗೆ ಹೇಗೆ ಕೇಳುತ್ತಿತ್ತು?”

ಅವಳು ಮೂಲೆಯ ಸಾದಾ ಟ್ರಾನ್ಸಿಸ್ಟರನ್ನು ತೋರಿಸಿದಳು. ಅದರಲ್ಲಿ ಬೆಳಗಿನ ಹಾಡು ಬರುತ್ತಿತ್ತು. “ನೀವು ಅಲ್ಲಿ ಒತ್ತಿದ್ರ ಇಲ್ಲಿ ಹಾಡು ಸುಮ್ಮನಾಗತೈತಿ. ಸಣ್ಣಗ ಸುಮ್ಮನಾದ್ರ ಚುಕ್ಕಿ, ಉದ್ದಕ ಸುಮ್ಮನಾದ್ರ ಗೆರಿ. ಹಾಡಿನ ನಡುವ ನಿಮ್ಮ ಮಾತು ಆರಿಸ್ಕೊಂತೀನಿ, ಜ್ವಾಳದಾಗ ಕಲ್ಲು ಆರಿಸಿದಂಗ. ಸಂಕೇತ ಎಲ್ಲಾ ನಿಮ್ಮ ಕಂಬದ ಮಗ್ಗಲ ಕುಂತು ಕಲತದ್ದು. ನೀವು ಯಾರಿಗೇನಂತೀರಿ ಅಂತ ಬಾಯಿಪಾಠ ಆಗಿತ್ತು. ಅದಕ್ಕ ನಿಮಗ ನಿಮ್ಮ ಮಾತ ಹೇಳ್ತಿದ್ದೆ. ನನ್ನವು ಅಂತ ಬ್ಯಾರೆ ಬರತಿರಲಿಲ್ಲ.”

ಎರಡು ವರ್ಷ ಒದ್ದೆಗಣ್ಣಿನಿಂದ ಆಲಿಸಿದ ಆ ಸಮಾನ ಜೀವ ನನ್ನ ಪಡಸಾಲೆಯಲ್ಲಿಯೇ ಕೂತು ನನ್ನನ್ನು ಕಲಿತಿತ್ತು. ನಾಚಿಕೆಯಾಯಿತು. ನಗುವೂ ಬಂತು. ಆಮೇಲೆ, ರುಜು ಹಾಕಿದ ಕಾಗದ ನೆನಪಾಯಿತು. ಊರಿನವರೊಡನೆ ಒಂದಕ್ಷರವೂ ಕೂಡದು. ನಾನು ಎರಡು ವರ್ಷದ ಬೆಳಗುಗಳಲ್ಲೆಲ್ಲ ಮಾತಾಡಿದ್ದೆ.

“ಬ್ರಾಹ್ಮಿಲಾಗೆ ಗೊತ್ತೇ?”

“ಅವರಿಗ ಹೋದ ಮಳಿಗಾಲದಿಂದ ಗೊತ್ತು. ಅವರು ನಕ್ಕು ನಕ್ಕು ಜ್ವಾಳ ಚೆಲ್ಲಿದ್ರು. ಯಾರಿಗೂ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಇದೊಂದು ಹೋತಂದ್ರ ನನಗ ಗ್ವಾಡಿ ಅಷ್ಟ ಉಳೀತೈತಿ.”

ಸೆಟ್ಟಿನ ಅಚ್ಚು ತೆಗೆದುಕೊಂಡು ಮನೆಗೆ ಬಂದೆ. ಗುಟ್ಟಾಗಿ ಮುಂದುವರಿಸುವುದು ನನ್ನಿಂದಾಗದು ಎಂದು ಗೊತ್ತಿತ್ತು. ರುಜುವಿಗೆ ಅಷ್ಟು ಬೆಲೆ ಕೊಟ್ಟು ಬದುಕಿದವನು ನಾನು. ತಂಗೆವ್ವನನ್ನು ಬಿಟ್ಟುಬಿಡುವುದೂ ಆಗದು. ಹೀಗಾಗಿ ನಡುವಿನ ದಾರಿಯೊಂದನ್ನು ಹಿಡಿದೆ: ರೇಡಿಯೋ ಬಿಟ್ಟು, ದಿನವೂ ಏಳು ಗಂಟೆಗೆ ಅವಳ ಮನೆಗೆ ನಡೆದು ಹೋಗತೊಡಗಿದೆ. ಎದುರು ಬದುರು ಕುಳಿತೆವು. ಗಾಳಿಯಲ್ಲಿ ಅಷ್ಟು ಹಗುರಾಗಿದ್ದ ನಾವು ಅಲ್ಲಿ ಇಬ್ಬರು ಮುದುಕರಾಗಿದ್ದೆವು. ಮಂಡಿಯ ಮಾತಾಡಿದೆವು, ಹಲ್ಲಿನ ಮಾತಾಡಿದೆವು, ಮತ್ತೆ ಮಂಡಿಗೆ ಬಂದೆವು. ಬಿಸಿಲು ಎಂದು ನಾನು ಹೇಳಬೇಕಾಗಿರಲಿಲ್ಲ. ಇಬ್ಬರ ಮೇಲೂ ಒಂದೇ ಬಿಸಿಲು ಬಿದ್ದಿತ್ತು. ಎಂಟನೆಯ ದಿನ ಅವಳು ತಲೆಯೆತ್ತದೆ ಹೇಳಿದಳು:

“ನಾಳಿಂದ ಬರಬ್ಯಾಡ್ರಿ.”

“ಯಾಕೆ ತಂಗೆವ್ವ?”

“ನೀವು ಬರ್ತೀರಿ, ನಾ ಬರೂದಿಲ್ಲ. ಎಂಟು ದಿನದ ಹೆಜ್ಜಿ ನನ್ನ ಬಾಗಲದಾಗ ಬಿದ್ದಾವು. ಹ್ಯಾಂಗ ದಾಟ್ಲಿ? ಡಬ್ಬಿ ಇದ್ದಾಗ ನಾ ದಿನಾ ನಿಮ್ಮ ಮನಿಗೆ ಬರತಿದ್ದೆ, ನೀವು ನಮ್ಮ ಮನಿಗೆ ಬರತಿದ್ರಿ. ಸಮ ಇತ್ತು. ಈಗ ನೀವು ಬರೋರು, ನಾ ಕುಂದ್ರಾಕಿ.”

ನೇರವಾಗಿ ಹಿರಿಯರ ಕಟ್ಟೆಗೆ ನಡೆದೆ. ಈಗಿನ ಹಿರಿಯ ಮಲ್ಹಾರಪ್ಪ. ನನಗಿಂತ ಎರಡು ವರ್ಷ ಚಿಕ್ಕವರು, ಮೇಲಿನ ಸೆಟ್ಟು ನಾನೇ ಮಾಡಿದ್ದು, ತುಸು ಸಡಿಲ. ಯೋಚಿಸುವಾಗ ಅದನ್ನು ನಾಲಿಗೆಯಿಂದ ಎತ್ತಿ ಎತ್ತಿ ಕೂರಿಸುತ್ತಾರೆ. ನಾನು ಎಲ್ಲವನ್ನೂ ಹೇಳಿ, ತಂಗೆವ್ವನೊಬ್ಬಳಿಗೆ ವಿನಾಯಿತಿ ಬೇಡಿದೆ. ಅವರು ಬಹಳ ಹೊತ್ತು ಹಲ್ಲು ಆಡಿಸಿದರು.

“ನೇಮಿರಾಜಣ್ಣ, ಯಾರೂ ಕೇಳಿದ್ದಿಲ್ಲ, ನೀವಾಗಿ ಬಂದು ಹೇಳಿದ್ರಿ. ಹಿಂಗ್ಯಾಕ ಮಾಡಿದ್ರಿ? ಈಗ ನಾ ಸುಮ್ಮನಿರಂಗಿಲ್ಲ.”

“ಅವಳು ನಡೆಯಲಾರಳು.”

“ಇವತ್ತ ಆಕಿ ನಡಿಯಾಕಾಗದಾಕಿ. ನಾಳೆ ಗಟ್ಟಿಮುಟ್ಟ ಇರೋರು ಹಾಸಿಗ್ಯಾಗ ಮಕ್ಕೊಂಡು ಕಟಕಟ ಅಂತಾರ. ನಾಡದು ಯಾರ ಮನಿಗೆ ಯಾರೂ ಬರೂದಿಲ್ಲ. ಈ ಊರಾಗ ಜಗಳ ಬಿಡಸೂದು ನಾನಲ್ಲ, ನಡಿಗಿ. ಅದು ಹೋತಂದ್ರ ಊರು ಹೋತು. ತಂತಿ ಇಳಸ್ರಿ.”

ಅವರು ಹೇಳಿದ್ದು ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ನಾನು ಎದ್ದೆ. ಹನ್ನೆರಡು ಹೆಜ್ಜೆ ಮುಗಿಯುವ ಮುನ್ನ ಅವರ ದನಿ ಬೆನ್ನಿಗೆ ತಾಗಿತು.

“ಒಂದು ಕೇಳ್ತೀನಿ, ನಿಲ್ರಿ. ಈ ರೇಡಿಯೋ ನಿಮಗ ಕೆಲಸನೋ, ಆಟನೋ?”

“ಆಟ. ಹವ್ಯಾಸ ಎನ್ನುತ್ತಾರೆ. ಅದರಿಂದ ಒಂದು ಹಿಡಿ ಅಕ್ಕಿಯೂ ಬಂದಿಲ್ಲ.”

“ಎಷ್ಟು ವರ್ಷ ಆಡಿದ್ರಿ?”

“ಐವತ್ತೊಂದು. ಒಂದು ದಿನ ತಪ್ಪಿಸಿಲ್ಲ... ಈ ಎಂಟು ದಿನ ಬಿಟ್ಟರೆ.”

“ಐವತ್ತೊಂದು ವರ್ಷ ನಾ ಹೊಲಕ್ಕೂ ಹಂಗ ಹೋಗಿಲ್ಲ” ಎಂದರು ಮಲ್ಹಾರಪ್ಪ. “ಅದನ್ನ ಆಟ ಅಂದ್ರ ನನ್ನ ಒಕ್ಕಲುತನಕ್ಕ ಏನನ್ಲಿ? ಅದು ಕೆಲಸನ ಆತು. ಕೆಲಸದ ಹೆಜ್ಜಿಗೆ ಮರ್ಯಾದಿ ಕಟ್ಟು ಇಲ್ಲ. ನಿಮ್ಮ ಮನಿ ಮ್ಯಾಲಿನ ತಂತಿ ಇಳೀಬೇಕು, ಅದು ಇಳೀತೈತಿ. ನೀವು ಕೆಲಸ ಎಲ್ಲಿ ಹಚ್ಚಿಕೊಂತೀರಿ ಅಂತ ನನ್ನ ಕಾಗದದಾಗ ಬರದಿಲ್ಲ. ಆದ್ರ ಆ ಇಂಗಿನ ಡಬ್ಬಿ ನನಗ ತಂದು ಕೊಡ್ರಿ. ಮತ್ತ ಆಕೀದೂ ರುಜು ಬೇಕು.”

ಮರುದಿನ ಮಧ್ಯಾಹ್ನ ಮಾಳಿಗೆ ಹತ್ತಿ ತಂತಿ ಇಳಿಸಿದೆ. ಅದನ್ನು ಕಟ್ಟಿದಾಗ ನನ್ನ ತಲೆಯಲ್ಲಿ ಕಪ್ಪು ಕೂದಲಿತ್ತು. ಸುರುಳಿ ಸುತ್ತುವಾಗ ಕೈಗೆ ಹಸಿರು ಕಿಲುಬು ಹತ್ತಿತು, ತೊಳೆಯಲು ಮನಸ್ಸಾಗದೆ ಹಾಗೆಯೇ ಊಟಕ್ಕೆ ಕುಳಿತೆ. ಬ್ರಾಹ್ಮಿಲಾ ಚಮಚೆ ಕೊಟ್ಟಳು. ಖಾಲಿ ಮಾಳಿಗೆಯ ಮೇಲೆ ಆಕಾಶ ಮುಂಚಿಗಿಂತ ಅಗಲವಾಗಿತ್ತು; ಅದರಿಂದ ನನಗೆ ಸಂತೋಷವಾಯಿತೆಂದು ಹೇಳಲಾರೆ.

ಈಗ ನಿಲ್ದಾಣ ತಂಗೆವ್ವನ ಮನೆಯಲ್ಲಿದೆ. ಮೇಜು ಹೋಯಿತು, ರಿಸೀವರ್ ಹೋಯಿತು, ದೊಡ್ಡ ಟ್ರಾನ್ಸ್‌ಮಿಟರನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದೆವು. ಬೆಳಗ್ಗೆ ಏಳಕ್ಕೆ ನಾನು ಅಲ್ಲಿಗೆ ಹೋಗುವುದು ಭೇಟಿಯಲ್ಲ, ಕೆಲಸಕ್ಕೆ ಹಾಜರಾಗುವುದು. ತಡವಾದರೆ ಅವಳು ಬೈಯುತ್ತಾಳೆ. “ಎಲ್ಲಿ ಹಾಳಾಗಿ ಹೋಗಿದ್ರಿ? ಯಾವನೋ ಅರ್ಧ ತಾಸಿನಿಂದ ಒದರಾಕತ್ಯಾನ.” ನಾವಿಬ್ಬರೂ ಒಬ್ಬರಿಗೊಬ್ಬರು ಮೋರ್ಸ್‌ನಲ್ಲಿ ಏನನ್ನೂ ಹೇಳುವುದಿಲ್ಲ, ಅದು ಹೋಯಿತು. ಆ ಕ್ಷೀಣ ಸಂಜ್ಞೆಗಾಗಿ ಕಿವಿ ನಿಮಿರಿಸಿ ಕುಳಿತ ಎರಡು ವರ್ಷದ ಬೆಳಗುಗಳು ನನಗೆ ಮತ್ತೆ ಸಿಗಲಾರವು, ಮತ್ತು ಅವುಗಳ ದಾಖಲೆಯಲ್ಲಿ ನಾನು ದ್ವೀಪವನ್ನು ಹೊಡೆದು ಹಾಕಿಲ್ಲ. ಆದರೆ ಒಂದೇ ಮೇಜಿನ ಎರಡು ಬದಿಗೆ ಕೂತು ಹೊರಗಿನ ಜಗತ್ತಿಗೆ ಕಿವಿ ಕೊಟ್ಟಾಗ ನಮಗೆ ಮಂಡಿಯ ನೆನಪಾಗುವುದಿಲ್ಲ. ಸನ್ಯಾಸಿನಿಯ ಜೇನು ಹಿಂಡು ಹಾರಿಹೋದ ದಿನ ಇಬ್ಬರೂ ಚಿಂತಿಸಿದೆವು. ಕೀ ತಂಗೆವ್ವನ ಕೈಗೆ ಕೊಟ್ಟರೂ ಸನ್ಯಾಸಿನಿಗೆ ವ್ಯತ್ಯಾಸ ತಿಳಿಯಲೇ ಇಲ್ಲ. ನನ್ನನ್ನೇ ಕರೆಯುತ್ತಿದ್ದಳು, ನನಗೇ ವಂದನೆ ಹೇಳುತ್ತಿದ್ದಳು. ತಂಗೆವ್ವ ಅದನ್ನು ನನಗೆ ಚೆಲ್ಲದೆ ಮುಟ್ಟಿಸುತ್ತಿದ್ದಳು. “ನಿಮಗ ವಂದನಾ ಹೇಳ್ಯಾರ.” ಪ್ರತಿ ಸಲವೂ “ನಿಮಗ”. ನಾನು ಹೊಸ ಸಂಕೇತಗಳನ್ನು ಕಲಿಸಿದೆ, ಪದಗಳನ್ನು ಕಲಿಸಿದೆ. ಅವಳು ಬೇಗ ಹಿಡಿದಳು. ಬಳಸುತ್ತಿರಲಿಲ್ಲ.

ಮೊನ್ನೆ ಚೈತ್ರದ ಗಾಳಿಗೆ ತಂತಿಯ ಒಂದು ಹಗ್ಗ ಸಡಿಲಾಗಿ, ನಾನು ಬಯಲಿನ ಕಂಬದ ಬಳಿ ಅದನ್ನು ಬಿಗಿಯುತ್ತಿದ್ದೆ. ಕೆಲಸ ಮುಗಿಯಲು ಅರ್ಧ ತಾಸು ಹಿಡಿಯಿತು. ಮರಳಿ ಒಳಗೆ ಬಂದಾಗ ತಂಗೆವ್ವ ಹೆಡ್‌ಫೋನ್ ಹಾಕಿಕೊಂಡು, ಒಂದು ಕೈಯಿಂದ ಕೀ ಒತ್ತುತ್ತಿದ್ದಳು; ಇನ್ನೊಂದು ಕೈಯಲ್ಲಿ ಹೊಸ ಸೆಟ್ಟು ಹಿಡಿದಿದ್ದಳು. ನಗುವಾಗ ಬಾಯಿಂದ ಜಾರೀತೆಂದು ತೆಗೆದಿದ್ದಳು. ನಾಲ್ಕು ಚುಕ್ಕೆ, ಎರಡು ಚುಕ್ಕೆ: ಮೋರ್ಸ್‌ನವರು ಗಾಳಿಯಲ್ಲಿ ನಗುವುದು ಹಾಗೆ. ಆ ಸಂಕೇತವನ್ನು ನಾನು ಐವತ್ತೊಂದು ವರ್ಷದಲ್ಲಿ ಒಮ್ಮೆಯೂ ಬಳಸಿದವನಲ್ಲ. ಅವಳಿಗೆ ಕಲಿಸಿದ್ದೂ ಇಲ್ಲ.

“ಯಾರದು?” ಎಂದೆ.

“ಯಾವನೋ ಹೊಸಬ. ಎಲ್ಲೋ ಬ್ರೆಡ್ ಸುಡ್ತಾನಂತ, ಹಿಟ್ಟು ಉಬ್ಬೂತನ ಮಾತಾಡ್ತಾನಂತ. ಹೆಸರು ಕೇಳಿದ. ಹೇಳಿದೆ.”

“ನನ್ನ ಹೆಸರೇ?”

“ನಿಮ್ಮ ಹೆಸರು ನಾ ಯಾಕ ಹೇಳ್ಲಿ?”

ಹೆಡ್‌ಫೋನಿನೊಳಗೆ ಮತ್ತೆ ಏನೋ ಬಂತು. ಅವಳು ಬೆರಳೆತ್ತಿ ನನ್ನನ್ನು ಸುಮ್ಮನಿರಿಸಿ, ಕಣ್ಣು ಮುಚ್ಚಿ ಕೇಳಿದಳು. ಬೊಚ್ಚು ಬಾಯಿ ಅಗಲವಾಯಿತು.

“ಏನಂದ?” ಎಂದು ಕೇಳಿದೆ.

ಈ ಊರಿನ ಎಲ್ಲರ ಮಾತನ್ನೂ ನಲವತ್ತು ವರ್ಷ ಎಲ್ಲರಿಗೂ ಮುಟ್ಟಿಸಿದ ತಂಗೆವ್ವ, ಕೀಯ ಮೇಲಿನ ಕೈ ತೆಗೆಯದೆ ನನ್ನ ಕಡೆ ನೋಡಿದಳು.

“ಹೇಳೂದಿಲ್ಲ, ಹೋಗ್ರಿ. ಇದು ನನಗ ಬಂದದ್ದು.”